ಕೆಲಸಕ್ಕೊಂದು ಪಂಚಾಂಗ

‘ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಇದರ ಅರ್ಥವನ್ನು ಖರ್ಚಿನ ಕಡೆಗೆ ತಿರುಗಿಸಿ ಹೇಳುವುದು ರೂಢಿ. ಆದರೆ ಕೈತುಂಬ ಹಣವಿದ್ದವರೂ ಈ ಎರಡು ಕೆಲಸಗಳಲ್ಲಿ ಸೋತು ಸುಣ್ಣವಾಗುವುದನ್ನು ನಾವು ನೋಡಿದ್ದೇವೆ. ಆದ್ದರಿಂದ ಗಾದೆಯ ಮರ್ಮ ಬೇರೆ ಎಲ್ಲೋ ಇರಬೇಕು. ಮನೆ ಕಟ್ಟುವುದರಲ್ಲಿ ಯಾವ ಒಂದು ಕೆಲಸವೂ ಅಸಾಧ್ಯವಾದುದಲ್ಲ. ಗೋಡೆ ಏರಿಸಬಲ್ಲ ಗಾರೆಯವನಿದ್ದಾನೆ, ಬಾಗಿಲು ಕೂರಿಸಬಲ್ಲ ಬಡಗಿಯಿದ್ದಾನೆ, ವಿದ್ಯುತ್ತಿನ ತಂತಿ ಎಳೆಯುವವನೂ ಇದ್ದಾನೆ. ಕಷ್ಟವಿರುವುದು ಇವರೊಬ್ಬೊಬ್ಬರ ಕೆಲಸದಲ್ಲಿ ಅಲ್ಲ. ಒಬ್ಬರು ಇನ್ನೊಬ್ಬರಿಗಾಗಿ ಕಾಯಬೇಕಾಗಿರುವುದರಲ್ಲಿ. ಮರಳು ಬಂದ ದಿನ ಗಾರೆಯವನು ಬರುವುದಿಲ್ಲ. ಗಾರೆಯವನು ಬಂದ ದಿನ ಸಿಮೆಂಟು ಮುಗಿದಿರುತ್ತದೆ. ಗೋಡೆಗೆ ಬಣ್ಣ ಹೊಡೆದು ಮುಗಿಸಿದ ಮೇಲೆ ತಂತಿಯವನು ಬಂದು ಅದೇ ಗೋಡೆಯನ್ನು ಕೊರೆಯುತ್ತಾನೆ.

ಈ ಕಾಯುವಿಕೆಯನ್ನು ಲೆಕ್ಕಕ್ಕೆ ತಂದು, ಯಾವುದಕ್ಕಾಗಿ ಯಾವುದು ಕಾದಿದೆ, ಎಷ್ಟು ದಿನ ಕಾಯಬಹುದು ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡುವ ಒಂದು ವಿದ್ಯೆ ಕಳೆದ ನೂರು ವರ್ಷಗಳಲ್ಲಿ ಬೆಳೆದುಬಂದಿದೆ. ಇಂದು ಅದನ್ನು ಕಂಪ್ಯೂಟರಿನ ತಂತ್ರಾಂಶವೊಂದರ ಮೂಲಕ ಯಾರು ಬೇಕಾದರೂ ಕಲಿಯಬಹುದು. ಹಳಗನ್ನಡದ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಸೇತುವೆ ಕಟ್ಟುವವರ ಈ ವಿದ್ಯೆ ಏಕೆ ಬೇಕಾಯಿತು, ಅದರಿಂದ ನನಗೆ ತಿಳಿದುಬಂದುದೇನು ಎಂಬುದನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ವಿದ್ವಾಂಸರಿಗೂ ಗಡುವಿಗೂ ಅಷ್ಟಕ್ಕಷ್ಟೇ ಎಂಬುದು ಜಗತ್ತಿಗೆಲ್ಲ ತಿಳಿದ ಸಂಗತಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕಥೆಯನ್ನೇ ನೋಡಿ. 1879ರಲ್ಲಿ ಜೇಮ್ಸ್ ಮರ್ರೆಯವರೊಡನೆ ಒಪ್ಪಂದವಾದಾಗ ಹತ್ತು ವರ್ಷಗಳಲ್ಲಿ ಕೆಲಸ ಮುಗಿಯುವುದೆಂದು ನಿರೀಕ್ಷಿಸಲಾಗಿತ್ತು. ಐದು ವರ್ಷ ಕಳೆದು 1884ರಲ್ಲಿ ಮೊದಲ ಕಂತು ಹೊರಬಂದಾಗ ನಿಘಂಟು ತಲುಪಿದ್ದುದು ಇರುವೆ ಎಂಬ ಅರ್ಥದ ‘ಆ್ಯಂಟ್’ ಶಬ್ದವನ್ನು! ಮರ್ರೆಯವರು 1915ರಲ್ಲಿ ತೀರಿಕೊಂಡರು. ನಿಘಂಟು ಪೂರ್ಣವಾದುದು 1928ರಲ್ಲಿ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದಿತು, ಎಂಟನೆಯ ಸಂಪುಟ ಬಂದದ್ದು 1995ರಲ್ಲಿ. ಇವೆರಡೂ ಮಹತ್ಕಾರ್ಯಗಳು, ತಡವಾಯಿತೆಂದು ಅವುಗಳ ಬೆಲೆ ಕುಂದಲಿಲ್ಲ. ಆದರೆ ಬೌದ್ಧಿಕ ಕೆಲಸ ಎಷ್ಟು ಕಾಲವನ್ನು ನುಂಗುತ್ತದೆಂಬುದನ್ನು ಮುಂಚಿತವಾಗಿ ಊಹಿಸುವುದು ಎಷ್ಟು ಕಠಿಣ ಎಂಬುದಕ್ಕೆ ಇವು ಸಾಕ್ಷಿ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್ ಮತ್ತು ಏಮಸ್ ಟ್ವರ್ಸ್ಕಿ ಇದಕ್ಕೆ 1979ರಲ್ಲಿ ‘ಯೋಜನಾಭ್ರಮೆ’ ಎಂದು ಅರ್ಥ ಬರುವ ಹೆಸರನ್ನಿಟ್ಟರು. ಕಾನ್ಮನ್ ತಮ್ಮ ಅನುಭವವನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಇಸ್ರೇಲಿನ ಪ್ರೌಢಶಾಲೆಗಳಿಗೆಂದು ಅವರ ತಂಡ ಒಂದು ಪಠ್ಯಪುಸ್ತಕ ಬರೆಯುತ್ತಿತ್ತು. ಎಷ್ಟು ಕಾಲ ಬೇಕೆಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕೆಂದಾಗ ಬಂದ ಉತ್ತರಗಳೆಲ್ಲ ಎರಡು ವರ್ಷದ ಆಸುಪಾಸಿನವು. ಅನಂತರ ಅವರಲ್ಲೇ ಒಬ್ಬ ಅನುಭವಿಯನ್ನು ‘ಇಂಥ ಬೇರೆ ತಂಡಗಳಿಗೆ ಎಷ್ಟು ಕಾಲ ಹಿಡಿಯಿತು?’ ಎಂದು ಕೇಳಲಾಯಿತು. ಮುಗಿಸಿದವರಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ನೂರಕ್ಕೆ ನಲವತ್ತರಷ್ಟು ತಂಡಗಳು ಮುಗಿಸಲೇ ಇಲ್ಲ ಎಂದು ಆತ ಹೇಳಿದನಂತೆ. ವಿಚಿತ್ರವೆಂದರೆ ಆ ಅನುಭವಿಯ ಚೀಟಿಯಲ್ಲಿಯೂ ಇದ್ದದ್ದು ಎರಡು ವರ್ಷದ ಲೆಕ್ಕವೇ! ಕೊನೆಗೆ ಆ ಪುಸ್ತಕ ಎಂಟು ವರ್ಷ ತೆಗೆದುಕೊಂಡಿತು. ಪರರ ಕೆಲಸವನ್ನು ಅಳೆಯುವಾಗ ನಾವು ಅನುಭವವನ್ನು ನೆನೆಯುತ್ತೇವೆ. ನಮ್ಮ ಕೆಲಸವನ್ನು ಅಳೆಯುವಾಗ ಆಸೆಯನ್ನು ಮಾತ್ರ ನೆಚ್ಚುತ್ತೇವೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಿವೃತ್ತಿಯ ನಂತರ ಒಂದು ಗ್ರಂಥಸಂಪಾದನೆಯ ಹೊಣೆ ನನ್ನ ಪಾಲಿಗೆ ಬಂದಿತು. ಅದುವರೆಗೆ ಅಚ್ಚಾಗದ ಒಂದು ಸಾಂಗತ್ಯ ಕಾವ್ಯ. ಅದಕ್ಕೆ ಮೂರು ಓಲೆಪ್ರತಿಗಳು ದೊರೆತಿದ್ದವು. ಎರಡು ಕನ್ನಡ ಲಿಪಿಯವು, ಆದರೆ ಅಪೂರ್ಣ. ಮೂರನೆಯದು 120 ಗರಿಗಳ ಪೂರ್ಣ ಪ್ರತಿ. ಭಾಷೆ ಕನ್ನಡವಾದರೂ ಬರೆದಿದ್ದುದು ತಿಗಳಾರಿ ಲಿಪಿಯಲ್ಲಿ. ಒಂದು ಸಂಸ್ಥೆ ಧನಸಹಾಯ ನೀಡಿತ್ತು; ಹಣಕಾಸಿನ ವರ್ಷ ಮುಗಿಯುವ ಮಾರ್ಚ್ 31ರೊಳಗೆ ಪುಸ್ತಕ ಅಚ್ಚಾಗಬೇಕೆಂಬುದು ಕರಾರು. ತಿಗಳಾರಿಯನ್ನು ನಿರರ್ಗಳವಾಗಿ ಓದಬಲ್ಲವರು ನಮಗೆ ದೊರೆತದ್ದು ಒಬ್ಬರೇ: ಕರಾವಳಿಯ ಕಡೆಯವರಾದ, 81 ವರ್ಷದ ಹಿರಿಯ ಪಂಡಿತರು.

ನನ್ನ ತಮ್ಮನ ಮಗಳು ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರ್. ಮೇಲ್ಸೇತುವೆಗಳ ಕೆಲಸದ ಕಾಲಪಟ್ಟಿ ತಯಾರಿಸುವುದೇ ಅವಳ ಉದ್ಯೋಗ. ನಮ್ಮ ಸಂಪಾದನೆಯ ವಿವರಗಳನ್ನು ಕೇಳಿ, ‘ದೊಡ್ಡಪ್ಪ, ಇದೂ ಒಂದು ಸೇತುವೆಯೇ. ಐದು ಸಂಜೆ ಬಿಡುವು ಮಾಡಿಕೊಳ್ಳಿ, ಕಲಿಸಿಕೊಡುತ್ತೇನೆ’ ಎಂದಳು. ಇಂಥ ಕೆಲಸಕ್ಕೆ ದೊಡ್ಡ ಕಂಪನಿಗಳು ಬಳಸುವ ಪ್ರೈಮಾವೆರಾ, ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಮುಂತಾದವು ಬೆಲೆ ಕೊಟ್ಟು ಕೊಳ್ಳಬೇಕಾದವು. 1980ರ ದಶಕದಲ್ಲಿಯೇ ಹುಟ್ಟಿದವು. ಅವಳು ನನ್ನ ಕಂಪ್ಯೂಟರಿನಲ್ಲಿ ಹಾಕಿಕೊಟ್ಟದ್ದು 2012ರಲ್ಲಿ ಬಂದ ‘ಪ್ರಾಜೆಕ್ಟ್ ಲಿಬ್ರೆ’ ಎಂಬುದನ್ನು. ಉಚಿತವಾಗಿ ದೊರೆಯುವ ಅದು ನಮ್ಮಂಥವರ ಅಗತ್ಯಕ್ಕೆ ಧಾರಾಳವಾಗಿ ಸಾಕು.

ಪರದೆಯ ಎಡಕ್ಕೆ ಒಂದು ಪಟ್ಟಿ, ಬಲಕ್ಕೆ ಪಟ್ಟೆಗಳು. ಪಟ್ಟಿಯಲ್ಲಿ ನಾವು ಬರೆದದ್ದು ಬಲಗಡೆ ಉದ್ದುದ್ದ ಪಟ್ಟೆಯಾಗಿ ತಿಂಗಳು-ವಾರಗಳ ಅಳತೆಗೋಲಿನ ಕೆಳಗೆ ಮೂಡುತ್ತದೆ. ನೋಡನೋಡುತ್ತ ನನಗೆ ಇದು ನಮ್ಮ ಪಂಚಾಂಗದಂತೆಯೇ ತೋರಿತು. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಪಂಚಾಂಗಕ್ಕೆ ಐದು ಅಂಗಗಳಿರುವಂತೆ ಈ ಕಾಲಪಟ್ಟಿಗೂ ಐದು ಅಂಗಗಳು: ಕೆಲಸ, ಅವಧಿ, ಅವಲಂಬನೆ, ಆಳು, ದಿನಗಣನೆ.

ಮೊದಲನೆಯದು ಕೆಲಸ. ‘ಗ್ರಂಥಸಂಪಾದನೆ’ ಎಂದು ಒಂದೇ ಸಾಲು ಬರೆದರೆ ಪ್ರಯೋಜನವಿಲ್ಲ. ಅದನ್ನು ಒಡೆದು ಓಲೆಯ ವಾಚನ, ಪಾಠಾಂತರಗಳ ಹೋಲಿಕೆ ಮತ್ತು ಪಾಠನಿರ್ಣಯ, ಅಕ್ಷರಜೋಡಣೆ, ಕರಡಚ್ಚು ತಿದ್ದುವುದು, ಪದ್ಯಗಳ ಅಕಾರಾದಿ, ಮುನ್ನುಡಿ, ರಕ್ಷಾಪುಟ, ಮುದ್ರಣ ಎಂದು ಬಿಡಿಸಬೇಕು. ಮುಗಿಯಿತೋ ಇಲ್ಲವೋ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂದು ಹೇಳಲು ಬರುವಷ್ಟು ಚಿಕ್ಕದಾಗುವವರೆಗೆ ಒಡೆಯಬೇಕೆಂಬುದು ಸೂತ್ರ.

ಎರಡನೆಯದು ಅವಧಿ. ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲಸದ ಪ್ರಮಾಣ ಬೇರೆ, ಅದು ತೆಗೆದುಕೊಳ್ಳುವ ದಿನ ಬೇರೆ. ತಿಗಳಾರಿ ಪ್ರತಿಯನ್ನು ಓದಿ ಬರೆದುಕೊಳ್ಳಲು ಒಟ್ಟು 80 ಗಂಟೆ ಬೇಕೆಂದು ಪಂಡಿತರು ಅಂದಾಜು ಹೇಳಿದ್ದರು. ಆ ಸಂಖ್ಯೆಯನ್ನು ಕೊಟ್ಟಾಗ ಯಂತ್ರ ಹತ್ತು ದಿನ ಎಂದಿತು. ಏಕೆಂದರೆ ಬೇರೆ ಹೇಳದಿದ್ದರೆ ಅದು ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನು ಊಹಿಸಿಕೊಳ್ಳುತ್ತದೆ. ಪಂಡಿತರ ಕಣ್ಣು ಓಲೆಯ ಮೇಲೆ ನಿಲ್ಲುತ್ತಿದ್ದುದು ಬೆಳಗಿನ ಬೆಳಕಿನಲ್ಲಿ, ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ. ಅವರ ಹೆಸರಿನ ಮುಂದೆ ನೂರಕ್ಕೆ 25 ಎಂದು ನಮೂದಿಸಿದೊಡನೆ ಹತ್ತು ದಿನದ ಪಟ್ಟೆ ಹಿಗ್ಗಿ 40 ದಿನಗಳಾಯಿತು.

ಮೂರನೆಯದಾದ ಅವಲಂಬನೆಯೇ ಈ ವಿದ್ಯೆಯ ಜೀವಾಳ. ಒಂದು ಕೆಲಸ ಮುಗಿದ ಮೇಲೆಯೇ ಇನ್ನೊಂದು ಆರಂಭವಾಗಬೇಕೆಂಬುದು ಸಾಮಾನ್ಯವಾದ ಬಗೆ. ಪುಟಸಂಖ್ಯೆ ಸ್ಥಿರವಾಗದೆ ಅಕಾರಾದಿ ಸಿದ್ಧವಾಗದು. ಒಂದು ಆರಂಭವಾದ ಕೆಲವು ದಿನಗಳಲ್ಲಿ ಇನ್ನೊಂದನ್ನು ಆರಂಭಿಸಬಹುದು ಎಂಬುದು ಮತ್ತೊಂದು ಬಗೆ. ಐದಾರು ಸಂಧಿಗಳ ವಾಚನವಾದರೆ ಪಾಠಾಂತರದ ಹೋಲಿಕೆಗೆ ಕೈಹಚ್ಚಬಹುದಷ್ಟೆ. ಇನ್ನೆರಡು ಬಗೆಗಳುಂಟು, ನಮ್ಮಂಥವರಿಗೆ ಅವುಗಳ ಬಳಕೆ ಕಡಿಮೆ.

ನಾಲ್ಕನೆಯದು ಆಳು, ಎಂದರೆ ಯಾರ ಕೆಲಸ ಎಂಬುದು. ಇಂಗ್ಲಿಷಿನಲ್ಲಿ ಇದಕ್ಕೆ ‘ರಿಸೋರ್ಸ್’ ಎನ್ನುತ್ತಾರೆ. ಪಂಡಿತರನ್ನೂ ಮುದ್ರಣದ ಕಾಗದವನ್ನೂ ಒಂದೇ ಹೆಸರಿನಿಂದ ಕರೆಯುವ ಈ ಶಬ್ದ ನನ್ನ ಕಿವಿಗೆ ಹಿತವಾಗಲಿಲ್ಲ. ನಮ್ಮ ಪಟ್ಟಿಯಲ್ಲಿ ‘ಹೊಣೆ’ ಎಂದೇ ಬರೆದುಕೊಂಡೆವು. ಐದನೆಯದು ದಿನಗಣನೆ. ದಸರೆ, ದೀಪಾವಳಿ, ಸಂಕ್ರಾಂತಿಗಳನ್ನು ಯಂತ್ರ ತಾನಾಗಿ ಅರಿಯದು, ನಾವೇ ತಿಳಿಸಬೇಕು. ಆಯುಧಪೂಜೆಯ ದಿನ ಅಚ್ಚುಕೂಟದಲ್ಲಿ ಪುಸ್ತಕ ಮುದ್ರಣವಾಗುತ್ತದೆಂದು ನಂಬುವ ಯಂತ್ರಕ್ಕೆ ನಮ್ಮ ನಾಡಿನ ಪರಿಚಯ ಮಾಡಿಸುವುದು ನಮ್ಮ ಕರ್ತವ್ಯ.

ಈ ಪಟ್ಟೆಗಳ ಚಿತ್ರಕ್ಕೆ ಅಮೆರಿಕದ ಹೆನ್ರಿ ಗ್ಯಾಂಟ್ ಎಂಬ ಎಂಜಿನಿಯರನ ಹೆಸರಿದೆ. 1861ರಲ್ಲಿ ಹುಟ್ಟಿ 1919ರಲ್ಲಿ ತೀರಿಕೊಂಡ ಈತ ಕಾರ್ಖಾನೆಗಳ ಕೆಲಸವನ್ನು ಅಳೆಯಲು ಇಂಥ ಚಿತ್ರಗಳನ್ನು ಬಳಸಿದ. ಆದರೆ ಪೋಲೆಂಡಿನ ಕರೋಲ್ ಅದಾಮಿಯೆಟ್‌ಸ್ಕಿ ಎಂಬಾತ 1896ರಲ್ಲಿಯೇ ಇದಕ್ಕೆ ಸಮೀಪವಾದುದನ್ನು ರೂಪಿಸಿದ್ದ. ಆತ ಬರೆದದ್ದು ಪೋಲಿಷ್ ಮತ್ತು ರಷ್ಯನ್ ಭಾಷೆಗಳಲ್ಲಾದ್ದರಿಂದ ಇಂಗ್ಲಿಷ್ ಬಲ್ಲ ಜಗತ್ತಿಗೆ ಅದು ಬಹುಕಾಲ ತಿಳಿಯಲಿಲ್ಲ; ಕೀರ್ತಿ ಗ್ಯಾಂಟನ ಪಾಲಾಯಿತು. ಕನ್ನಡದಲ್ಲಿ ಬರೆಯುವ ನಮಗೆ ಈ ಕಥೆ ಹೊಸದೇನಲ್ಲ.

ಪಟ್ಟೆಗಳ ನಡುವಣ ಸಂಬಂಧವನ್ನು ಲೆಕ್ಕ ಹಾಕುವ ಕ್ರಮ ಬಂದದ್ದು ಇನ್ನೂ ತಡವಾಗಿ. 1957ರಲ್ಲಿ ಡುಪಾಂಟ್ ಎಂಬ ರಾಸಾಯನಿಕ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡಿನ ಜೇಮ್ಸ್ ಕೆಲ್ಲಿ ಸೇರಿ ಒಂದು ಗಣಿತವಿಧಾನವನ್ನು ರೂಪಿಸಿದರು. ಮರುವರ್ಷ ಅಮೆರಿಕದ ನೌಕಾದಳ ತನ್ನ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕಾಗಿ ಅದೇ ಜಾತಿಯ ‘ಪರ್ಟ್’ ಎಂಬ ಕ್ರಮವನ್ನು ಸಿದ್ಧಪಡಿಸಿತು. ಅಂದು ಕೋಣೆಯಷ್ಟು ದೊಡ್ಡ ಯಂತ್ರಗಳಿಗೆ ಒಪ್ಪಿಸುತ್ತಿದ್ದ ಲೆಕ್ಕವನ್ನು ಇಂದು ಮೇಜಿನ ಮೇಲಿನ ಪುಟ್ಟ ಯಂತ್ರ ಕಣ್ಣುಮಿಟುಕಿಸುವುದರೊಳಗೆ ಮಾಡುತ್ತದೆ.

ಆ ಗಣಿತದ ಸಾರ ಬಹಳ ಸರಳ. ಆರಂಭದಿಂದ ಅಂತ್ಯದವರೆಗೆ ಒಂದಕ್ಕೊಂದು ಕೊಂಡಿಯಾಗಿರುವ ಕೆಲಸಗಳ ಸರಪಣಿಗಳು ಹಲವಿರುತ್ತವೆ. ಅವುಗಳಲ್ಲಿ ಅತಿ ಉದ್ದನೆಯ ಸರಪಣಿ ಯಾವುದೋ ಅದೇ ಇಡೀ ಕೆಲಸದ ಉದ್ದ. ಅದನ್ನು ನಿರ್ಣಾಯಕ ಪಥ ಎನ್ನೋಣ. ಆ ಪಥದ ಮೇಲಿನ ಕೆಲಸ ಒಂದು ದಿನ ತಡವಾದರೆ ಮುಕ್ತಾಯವೂ ಒಂದು ದಿನ ತಡ. ಆ ಪಥದಿಂದ ಹೊರಗಿರುವ ಕೆಲಸಗಳಿಗೆ ಒಂದಿಷ್ಟು ಸಡಿಲವಿರುತ್ತದೆ. ಅಷ್ಟು ದಿನ ಅವು ತಡವಾದರೂ ಬಾಧಕವಿಲ್ಲ. ತಂತ್ರಾಂಶ ನಿರ್ಣಾಯಕ ಪಥವನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತದೆ.

ನಮ್ಮ ಲೆಕ್ಕ ಹೀಗಿತ್ತು: ತಿಗಳಾರಿ ವಾಚನಕ್ಕೆ 40 ದಿನ, ಪಾಠನಿರ್ಣಯಕ್ಕೆ 30, ಅಕ್ಷರಜೋಡಣೆಗೆ 15, ಕರಡು ತಿದ್ದಲು 20, ಅಕಾರಾದಿಗೆ 10, ಮುದ್ರಣಕ್ಕೆ 15. ಒಟ್ಟು 130 ಕೆಲಸದ ದಿನಗಳು. ಕನ್ನಡ ಲಿಪಿಯ ಎರಡು ಪ್ರತಿಗಳನ್ನು ಇಬ್ಬರು ಯುವಕರು ತಲಾ 12 ದಿನಗಳಲ್ಲಿ ಓದಿ ಮುಗಿಸಬಲ್ಲವರಾಗಿದ್ದರು. ಅವರಿಗೆ 28 ದಿನಗಳ ಸಡಿಲ. ಮುನ್ನುಡಿಗೆ 30 ದಿನವೆಂದರೂ ಅದಕ್ಕೆ 85 ದಿನಗಳ ಸಡಿಲ! ಸಾಹಿತ್ಯದ ಸಭೆಗಳ ಪರಿಚಯವಿರುವವರಿಗೆ ಗೊತ್ತು: ಪುಸ್ತಕವೊಂದು ಸಿದ್ಧವಾಗುತ್ತಿದೆಯೆಂದರೆ ಎಲ್ಲರ ಆತಂಕವೂ ಮುನ್ನುಡಿ ಬರೆಯಬೇಕಾದ ಹಿರಿಯರ ಸುತ್ತಲೇ ಸುತ್ತುತ್ತಿರುತ್ತದೆ. ಅವರಿಗೆ ಜ್ಞಾಪಿಸುವುದು, ಅವರ ಮನೆಗೆ ಹೋಗುವುದು, ಅವರ ಬಿಡುವಿಗಾಗಿ ಕಾಯುವುದು. ಚಿತ್ರ ಹೇಳಿದ್ದೇನೆಂದರೆ, ಕಾಳಜಿ ಅಲ್ಲಿರಬೇಕಾದುದಲ್ಲ. ಬೆಳಗಿನ ಬಿಸಿಲಿನಲ್ಲಿ ಕುಳಿತು ಸದ್ದಿಲ್ಲದೆ ಓಲೆ ಓದುವ ವೃದ್ಧರ ಬಳಿ ಇರಬೇಕು. ಇಡೀ ಕೆಂಪು ದಾರ ಅವರ ಕಣ್ಣಿನಿಂದ ಹೊರಟಿತ್ತು.

ಸುಲಭವಾದ ಕನ್ನಡ ಪ್ರತಿಗಳನ್ನು ಮೊದಲು ಓದಿ, ಕಥೆ ಮನದಟ್ಟಾದ ಮೇಲೆ ಕಠಿಣವಾದುದಕ್ಕೆ ಕೈಹಾಕುವುದು ಸಂಪಾದನೆಯಲ್ಲಿ ವಾಡಿಕೆ. ಕೆಂಪು ಪಟ್ಟೆಯನ್ನು ಕಂಡ ಮೇಲೆ ಆ ವಾಡಿಕೆಯನ್ನು ಬಿಟ್ಟು, ತಿಗಳಾರಿ ವಾಚನವನ್ನು ಮೊದಲ ದಿನವೇ ಆರಂಭಿಸುವುದೆಂದು ನಿಶ್ಚಯಿಸಿದೆವು.

ಅಷ್ಟರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಪಂಡಿತರ ಒಂದು ಕಣ್ಣು ಮೊದಲೇ ಹೋಗಿತ್ತು. ಓದುತ್ತಿದ್ದ ಇನ್ನೊಂದು ಕಣ್ಣಿಗೆ ಪೊರೆ ಬಲಿತಿತ್ತು. ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಒಳ್ಳೆಯದಲ್ಲವೆಂದು ವೈದ್ಯರು ನವೆಂಬರ್ ತಿಂಗಳ ಮಧ್ಯದಲ್ಲಿ ದಿನ ಗೊತ್ತುಮಾಡಿದ್ದರು. ನಾವು ಆರಂಭಿಸುತ್ತಿದ್ದುದು ಅಕ್ಟೋಬರ್ ಮೊದಲ ವಾರದಲ್ಲಿ. ನಡುವೆ ದೊರೆಯುವುದು 26 ಕೆಲಸದ ದಿನಗಳು. ಬೇಕಾದದ್ದು 40.

ಇನ್ನೊಬ್ಬ ವಾಚಕರನ್ನು ಸೇರಿಸಿದರೆ? ಯಂತ್ರವನ್ನು ಕೇಳಿದರೆ ಅದು ತತ್‌ಕ್ಷಣ 40ನ್ನು 20 ಮಾಡಿ ತೋರಿಸುತ್ತದೆ. ಭಾಗಾಕಾರ ಅದಕ್ಕೆ ಚೆನ್ನಾಗಿ ಗೊತ್ತು. ಆದರೆ ಎರಡನೆಯ ವಾಚಕನನ್ನು ತಯಾರು ಮಾಡಬೇಕಾದವರು ಮೊದಲನೆಯವರೇ. ಅವನಿಗೆ ಲಿಪಿ ಕಲಿಸುವ ಹೊತ್ತೂ ಆ ಎರಡು ಗಂಟೆಗಳಿಂದಲೇ ಹೋಗಬೇಕು. ಐಬಿಎಂ ಕಂಪನಿಯಲ್ಲಿ ದೊಡ್ಡ ತಂತ್ರಾಂಶವೊಂದರ ಹೊಣೆ ಹೊತ್ತಿದ್ದ ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಬರೆದ ಪುಸ್ತಕದ ಪ್ರಸಿದ್ಧ ಸೂತ್ರದ ತಾತ್ಪರ್ಯವೂ ಇದೇ: ತಡವಾದ ಕೆಲಸಕ್ಕೆ ಹೊಸಬರನ್ನು ತುಂಬಿದರೆ ತಡ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಆಗ ನನ್ನ ತಮ್ಮನ ಮಗಳು ಒಂದು ಪ್ರಶ್ನೆ ಕೇಳಿದಳು: ‘ದೊಡ್ಡಪ್ಪ, ಆ ಎರಡು ಗಂಟೆಗಳಲ್ಲಿ ಅವರು ಓದುವುದೆಷ್ಟು, ಬರೆಯುವುದೆಷ್ಟು?’ ವಿಚಾರಿಸಿದಾಗ ಬರವಣಿಗೆಗೇ ಹೆಚ್ಚುಕಡಿಮೆ ಅರ್ಧ ಹೊತ್ತು ಹೋಗುತ್ತಿದ್ದುದು ತಿಳಿಯಿತು. ಕೆಲಸವನ್ನು ಎರಡಾಗಿ ಒಡೆದೆವು. ಓಲೆಯ ಛಾಯಾಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ತೋರಿಸುವುದು, ಪಂಡಿತರು ಗಟ್ಟಿಯಾಗಿ ಓದುವುದು, ಅದನ್ನು ಮೊಬೈಲ್ ಫೋನಿನಲ್ಲಿ ಮುದ್ರಿಸಿಕೊಂಡು ಒಬ್ಬ ತರುಣ ಬೆರಳಚ್ಚು ಮಾಡುವುದು. ದಿನಕ್ಕೆ ಮೂರು ಗರಿಯ ಬದಲು ಐದು ಗರಿ ಎಂದು ಪಂಡಿತರು ಒಪ್ಪಿದರು. 24 ದಿನಗಳಲ್ಲಿ 120 ಗರಿ. ಮೇಲೆ ಎರಡು ದಿನದ ಉಸಿರು. ಮುದ್ರಣ ಮುಗಿಯುವ ದಿನ ಮಾರ್ಚ್ ಮೂರನೆಯ ವಾರಕ್ಕೆ ಬಂದು ನಿಂತಿತು. ಈ ಚಿತ್ರವನ್ನು ಮೂಲರೇಖೆಯಾಗಿ ಉಳಿಸಿಟ್ಟುಕೊಂಡೆವು. ಮೂಲರೇಖೆಯೆಂದರೆ ಮೊದಲು ಏನೆಂದುಕೊಂಡಿದ್ದೆವು ಎಂಬುದರ ದಾಖಲೆ. ಮುಂದೆ ಏನೇ ಬದಲಾದರೂ ಅದು ಬೂದುಬಣ್ಣದ ಪಟ್ಟೆಯಾಗಿ ಕೆಳಗೆ ಉಳಿದಿರುತ್ತದೆ, ಅದನ್ನು ತಿದ್ದುವಂತಿಲ್ಲ.

ಯೋಜನೆ ಹಾಕುವುದು ಈ ವಿದ್ಯೆಯ ಅರ್ಧಭಾಗ ಮಾತ್ರ. ನಡೆದುದನ್ನು ದಾಖಲಿಸುತ್ತ ಹೋಗುವುದು ಉಳಿದರ್ಧ, ಮತ್ತು ಕಷ್ಟದ ಅರ್ಧ. ‘ಎಷ್ಟಾಯಿತು?’ ಎಂದು ಕೇಳಿದರೆ ಸಂಕೋಚದ ಮನುಷ್ಯ ‘ಬಹುಪಾಲು ಆಯಿತು’ ಎನ್ನುತ್ತಾನೆ. ನೂರಕ್ಕೆ ತೊಂಬತ್ತು ಎಂದು ಹೇಳಿದ ಕೆಲಸ ತಿಂಗಳುಗಟ್ಟಲೆ ತೊಂಬತ್ತರಲ್ಲಿಯೇ ನಿಂತಿರುವುದುಂಟು. ಆದ್ದರಿಂದ ನಾವು ಶೇಕಡವನ್ನು ಕೇಳದೆ ಗರಿಯನ್ನು ಎಣಿಸಿದೆವು. ಗರಿ ಸುಳ್ಳು ಹೇಳುವುದಿಲ್ಲ. ಮೊದಲ ವಾರ ಆಗಬೇಕಿದ್ದುದು 25 ಗರಿ, ಆದದ್ದು 17. ಅಂಚು ಮುರಿದ ಗರಿಗಳು, ಹುಳು ಕೊರೆದ ಅಕ್ಷರಗಳು, ಒಂದೊಂದು ಸಾಲಿನ ಮೇಲೂ ಅರ್ಧ ಗಂಟೆಯ ಚರ್ಚೆ. ಎರಡನೆಯ, ಮೂರನೆಯ ವಾರಗಳೂ ಇದೇ ವೇಗದಲ್ಲಿ ಸಾಗಿದವು. ಯಂತ್ರ ಉಳಿದ ಪಟ್ಟೆಗಳನ್ನೆಲ್ಲ ಬಲಕ್ಕೆ ತಳ್ಳಿತು. ಮುಕ್ತಾಯ ಮಾರ್ಚ್ 31ನ್ನು ದಾಟಿ ಏಪ್ರಿಲಿಗೆ ಹೋಯಿತು.

ಈಗ ಎದುರಾದದ್ದು ಗಣಿತದ ಪ್ರಶ್ನೆಯಲ್ಲ. ನಮ್ಮ ಸಮಿತಿಯಲ್ಲಿ ಒಬ್ಬರು, ಶಸ್ತ್ರಚಿಕಿತ್ಸೆಯನ್ನು ಜನವರಿಗೆ ಮುಂದೂಡಬಹುದೇ ಎಂದು ಪಂಡಿತರನ್ನು ಕೇಳೋಣವೆಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಹಣ ಹಿಂದಕ್ಕೆ ಹೋದರೆ ಕಾವ್ಯ ಇನ್ನೆಷ್ಟು ವರ್ಷ ಕತ್ತಲೆಯಲ್ಲಿರುವುದೋ ಎಂಬ ಭಯ ಎಲ್ಲರಿಗೂ ಇತ್ತು. ಹಾಗೆ ಮಾಡಿದರೆ ಏನಾಗುವುದೆಂದು ಯಂತ್ರದಲ್ಲಿ ನೋಡಲೂಬಹುದಾಗಿತ್ತು. ನೋಡಿದೆವು. ಕೆಂಪು ಪಟ್ಟೆಗಳೆಲ್ಲ ಮಾರ್ಚ್ 31ರೊಳಗೆ ಸರಿದು, ಚಿತ್ರ ಬಹಳ ಅಂದವಾಗಿ ಕಂಡಿತು. ಮಾತು ಹೇಗೋ ಪಂಡಿತರ ಕಿವಿಗೂ ಬಿದ್ದಿತು. ಮರುದಿನ ಅವರೇ, ‘ಮೇಷ್ಟ್ರೇ, ಕಣ್ಣಿಗೇನು ಅವಸರ? ಇದನ್ನು ಮುಗಿಸಿಯೇ ಆಸ್ಪತ್ರೆಗೆ ಹೋಗುತ್ತೇನೆ’ ಎಂದರು.

ಈ ತಂತ್ರಾಂಶದಲ್ಲಿ ಒಂದು ಸೌಲಭ್ಯವಿದೆ. ಯಾವುದಾದರೂ ಕೆಲಸವನ್ನು ‘ಇಂಥ ದಿನವೇ ಆರಂಭವಾಗತಕ್ಕದ್ದು’ ಎಂದು ಬಂಧಿಸಬಹುದು. ಉಳಿದವು ಎಷ್ಟೇ ನೂಕಿದರೂ ಅದು ಜರುಗುವುದಿಲ್ಲ. ನಮ್ಮ ಪಟ್ಟಿಯಲ್ಲಿ ಅದುವರೆಗೆ ಹಾಗೆ ಬಂಧಿತವಾಗಿದ್ದುದು ಮಾರ್ಚ್ 31 ಒಂದೇ. ಅಂದು ಸಂಜೆ ಶಸ್ತ್ರಚಿಕಿತ್ಸೆಯ ದಿನವನ್ನು ಬಂಧಿಸಿ, ಮಾರ್ಚ್ 31ರ ಬಂಧವನ್ನು ಬಿಚ್ಚಿದೆವು. ಯಾವುದು ಜರುಗಬಹುದು, ಯಾವುದು ಜರುಗಕೂಡದು ಎಂಬುದನ್ನು ಯಂತ್ರ ಹೇಳದು. ಎಲ್ಲ ದಿನಾಂಕಗಳೂ ಅದಕ್ಕೆ ಒಂದೇ. ಒಂದು ಕಣ್ಣಿನ ದಿನಾಂಕವೂ ಒಂದು ಲೆಕ್ಕಪತ್ರದ ದಿನಾಂಕವೂ ಒಂದೇ ಅಲ್ಲವೆಂದು ಹೇಳಬೇಕಾದವರು ಮನುಷ್ಯರು.

ನವೆಂಬರ್ ಮೊದಲ ವಾರದಲ್ಲಿಯೇ ಧನಸಹಾಯದ ಸಂಸ್ಥೆಗೆ ಪತ್ರ ಬರೆದೆವು. ಮೂಲರೇಖೆ ಇದು, ಆದದ್ದು ಇದು, ಉಳಿದ ಗರಿಗಳು ಇಷ್ಟು, ತಡವಾಗುವುದಕ್ಕೆ ಕಾರಣ ಇದು, ನಮಗೆ ಬೇಕಾಗುವುದು ಹೆಚ್ಚೆಂದರೆ ಒಂದು ತಿಂಗಳು ಎಂದು ತಿಳಿಸಿ, ಜೊತೆಗೆ ಆ ಚಿತ್ರವನ್ನೂ ಲಗತ್ತಿಸಿದೆವು. ಮಾರ್ಚ್ ಕೊನೆಯ ವಾರ ಹೋಗುವ ಪತ್ರಕ್ಕೆ ಕ್ಷಮಾಪಣೆಯ ಧ್ವನಿಯಿರುತ್ತದೆ. ನವೆಂಬರಿನಲ್ಲಿ ಹೋಗುವ ಪತ್ರಕ್ಕೆ ಸಮಾಲೋಚನೆಯ ಧ್ವನಿಯಿರುತ್ತದೆ. ಅವಧಿಯನ್ನು ಏಪ್ರಿಲ್ 30ರವರೆಗೆ ವಿಸ್ತರಿಸಿ ಅವರು ಉತ್ತರ ಬರೆದರು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನದವರೆಗೆ 91 ಗರಿಗಳ ವಾಚನವಾಗಿತ್ತು, ಉಳಿದದ್ದು 29. ಪಂಡಿತರು ವಿಶ್ರಾಂತಿಯಲ್ಲಿದ್ದ ಆರು ವಾರ ನಾವು ಸುಮ್ಮನೆ ಕೂರಲಿಲ್ಲ. 91 ಗರಿಗಳ ಮಟ್ಟಿಗೆ ಪಾಠನಿರ್ಣಯವನ್ನು ನಡೆಸಿದೆವು. ಜನವರಿಯಲ್ಲಿ ಅವರು ಮತ್ತೆ ಬಂದು ಕುಳಿತಾಗ ಪರದೆಯ ಚಿತ್ರವನ್ನು ಮೊದಲಿನಷ್ಟು ಹಿಗ್ಗಿಸುವ ಅಗತ್ಯವೂ ಇರಲಿಲ್ಲ. ದಿನಕ್ಕೆ ಐದು ಗರಿಯಂತೆ ಆರೇ ದಿನಗಳಲ್ಲಿ ಮುಗಿಸಿದರು. ಹಿಂದೆ ಅನುಮಾನವೆಂದು ಗುರುತು ಹಾಕಿದ್ದ ಹಲವು ಕಡೆ ಅಕ್ಷರವನ್ನು ಖಚಿತವಾಗಿ ಓದಿ, ಎರಡು ಪದ್ಯಗಳ ಪಾಠವನ್ನೇ ಬದಲಿಸಿದರು. ವಾಚನ ಮೂಲರೇಖೆಗಿಂತ 38 ಕೆಲಸದ ದಿನ ತಡವಾಗಿ ಮುಗಿಯಿತು. ನಡುವೆ ನಡೆಸಿದ ಪಾಠನಿರ್ಣಯದಿಂದ ಅದರಲ್ಲಿ 20 ದಿನ ಮರಳಿ ದೊರೆತು, ಪುಸ್ತಕ ಹೊರಬಂದದ್ದು 18 ದಿನ ತಡವಾಗಿ, ಏಪ್ರಿಲ್ ತಿಂಗಳಲ್ಲಿ. ಶಸ್ತ್ರಚಿಕಿತ್ಸೆಯನ್ನು ಮುಂದೂಡಿದ್ದರೆ ಪುಸ್ತಕ ಸಮಯಕ್ಕೆ ಬರುತ್ತಿತ್ತು. ಆ ಎರಡು ಪದ್ಯಗಳು ಮಾತ್ರ ತಪ್ಪಾಗಿಯೇ ಅಚ್ಚಾಗುತ್ತಿದ್ದವು.

ಈ ವಿದ್ಯೆಯನ್ನು ಕಲಿಯಬೇಕೆನ್ನುವವರಿಗೆ ನನ್ನ ಸೂಚನೆಗಳು ಮೂರೇ. ಕೆಲಸಗಳು ಹತ್ತಕ್ಕಿಂತ ಕಡಿಮೆಯಿದ್ದರೆ ಒಂದು ಹಾಳೆ ಸಾಕು, ತಂತ್ರಾಂಶ ಬೇಡ. ಅದಕ್ಕಿಂತ ಹೆಚ್ಚಿದ್ದು, ದಿನದಿಂದ ದಿನಕ್ಕೆ ಬದಲಾಗುತ್ತಿದ್ದರೆ ಯಂತ್ರದ ನೆರವನ್ನು ಪಡೆಯಿರಿ. ಒಂದು ಬದಲಾದರೆ ಉಳಿದದ್ದೆಲ್ಲವನ್ನೂ ಮತ್ತೆ ಲೆಕ್ಕ ಹಾಕುವ ಬೇಸರದ ಕೆಲಸವನ್ನು ಅದು ಬೇಸರವಿಲ್ಲದೆ ಮಾಡುತ್ತದೆ. ಎರಡನೆಯದು, ದಿನಾಂಕಗಳನ್ನು ಮೊದಲು ಬರೆಯಬೇಡಿ. ಯಾವುದು ಯಾವುದಕ್ಕಾಗಿ ಕಾಯುತ್ತದೆ ಎಂಬುದನ್ನು ಮೊದಲು ಬರೆಯಿರಿ. ದಿನಾಂಕ ತಾನಾಗಿ ಹುಟ್ಟುತ್ತದೆ. ದಿನಾಂಕವನ್ನು ಮೊದಲೇ ಇಟ್ಟುಕೊಂಡು ಕೆಲಸವನ್ನು ಅದರೊಳಗೆ ತುರುಕುವುದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಮೂರನೆಯದು, ಮೂಲರೇಖೆಯನ್ನು ಅಳಿಸಬೇಡಿ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ನಡುವಿನ ಅಂತರವೇ ಮುಂದಿನ ಕೆಲಸಕ್ಕೆ ನಮಗಿರುವ ನಿಜವಾದ ಗುರು.

ಪಂಚಾಂಗ ನೋಡಿದ ಮಾತ್ರಕ್ಕೆ ಮಳೆ ಬರುವುದಿಲ್ಲ. ಆದರೆ ಬಿತ್ತನೆಗೆ ಸಿದ್ಧನಾಗುವ ರೈತ ಮಳೆನಕ್ಷತ್ರಗಳನ್ನು ಎಣಿಸದೆ ಇರುವುದಿಲ್ಲ. ಕಾಲಪಟ್ಟಿಯೂ ಹಾಗೆಯೇ. ನಾಳೆ ಏನಾಗುವುದೆಂಬ ಭವಿಷ್ಯವನ್ನು ಅದರಲ್ಲಿ ಹುಡುಕುವವರಿಗೆ ನಿರಾಸೆಯೇ ಗತಿ. ಇಂದು ನನ್ನ ಕೆಲಸಕ್ಕಾಗಿ ಯಾರು ಕಾದಿದ್ದಾರೆ, ನಾನು ಯಾರಿಗಾಗಿ ಕಾದಿದ್ದೇನೆ, ಅವರ ಹೆಗಲ ಮೇಲಿರುವ ಹೊರೆ ಎಷ್ಟು ಎಂಬುದನ್ನು ಅದು ತೋರಿಸಿಕೊಡುತ್ತದೆ. ಕೂಡಿ ಕೆಲಸ ಮಾಡುವವರು ಇಷ್ಟನ್ನು ಅರಿತರೆ ಗಡುವು ಒಂದಿಷ್ಟು ಹಿಂದುಮುಂದಾದರೂ ಮನಸ್ಸುಗಳು ಮುರಿಯುವುದಿಲ್ಲ. ನನ್ನ ಮಟ್ಟಿಗೆ ಆ ಐದು ಸಂಜೆಗಳ ಪಾಠದ ಫಲ ಇದು.